ನೀರು ಮುಟ್ಟದ ಬಿಸ್ಕೀಟು

ಆ ತಿಂಡಿಯನ್ನು ನೆನೆದರೆ ಈಗಲೂ ನನ್ನ ಬಾಯಲ್ಲಿ ಜಿಡ್ಡು ಕಟ್ಟಿದ ಹಾಗಾಗುತ್ತದೆ. ಕೆಳಗೆ ಬೆಣ್ಣೆ ಬಿಸ್ಕೀಟು, ನಡುವೆ ಸಕ್ಕರೆ ಸುಟ್ಟು ಮಾಡಿದ ಕ್ಯಾರಮೆಲ್ ಎಂಬ ಅಂಟು, ಮೇಲೆ ಚಾಕಲೇಟು. ಮೂರನ್ನೂ ಬೇರೆ ಬೇರೆಯಾಗಿ ಕೊಟ್ಟರೆ ಯಾರು ಬೇಕಾದರೂ ತಿಂದಾರು. ಒಂದರ ಮೇಲೊಂದು ಹೇರಿ ಚೌಕ ಕತ್ತರಿಸಿ ಕೊಟ್ಟರೆ, ಒಂದು ತುಂಡು ಮುಗಿಯುವಷ್ಟರಲ್ಲಿ ಹಲ್ಲು, ಒಸಡು, ನಾಲಿಗೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ಮನುಷ್ಯ ಮಾತಾಡುವುದೇ ನಿಂತುಹೋಗುತ್ತದೆ. ಬೆಣ್ಣೆಯ ವಾಸನೆ ಮೂರು ದಿನ ಪರದೆಗಳಲ್ಲಿ ಕೂತಿರುತ್ತದೆ. ಇದು ಒಂದೇ ತಿಂಗಳಲ್ಲಿ ಏಳು ಸಲ ಕೊಂಡಾಪುರದ ನಮ್ಮ ಫ್ಲಾಟಿನಲ್ಲಿ ತಯಾರಾಯಿತು. ನಾನು ಮಾಡಿದೆ ಎಂದರೆ ಸುಳ್ಳಾಗುತ್ತದೆ. ಮೊದಲ ಸಲ ಕೆಡಿಸಿದ್ದು ಮಾತ್ರ ನಾನು.

ಇದನ್ನು ನನ್ನ ತಲೆಗೆ ಕಟ್ಟಿದವರು ನಮ್ಮ ಮಹಿಳಾ ಮಂಡಳಿಯ ಅಧ್ಯಕ್ಷರು. ಮಂಡಳಿ ಎಂದರೆ ದೊಡ್ಡದೇನಲ್ಲ. ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಗಂಡಂದಿರ ಸರಕಾರಿ ಕಾರ್ಖಾನೆ ನೌಕರಿಯ ಬೆನ್ನು ಹತ್ತಿ ಹೈದರಾಬಾದಿಗೆ ಬಂದು, ಕ್ವಾರ್ಟರ್ಸಿನಲ್ಲಿ ಒಟ್ಟಿಗೆ ಮೂವತ್ತು ವರ್ಷ ಕಳೆದು, ನಿವೃತ್ತಿಯಾದ ಮೇಲೆ ಊರಿಗೆ ಹೋಗದೆ ಇಲ್ಲಿಯೇ ಫ್ಲಾಟು ಕೊಂಡು ಚದುರಿಹೋದ ಹೆಂಗಸರು. ಹೊರಗೆ ತೆಲುಗು, ಹಿಂದಿ ಮಾತಾಡಿ ಮಾತಾಡಿ ಬಾಯಿ ಬೇಸತ್ತಾಗ ತಿಂಗಳಿಗೊಮ್ಮೆ ಸನತ್‌ನಗರದ ಒಂದು ಸಭಾಭವನದಲ್ಲಿ ಸೇರಿ ಕನ್ನಡದಲ್ಲಿ ಪರರ ಸೊಸೆಯಂದಿರ ಸುದ್ದಿ ಆಡುತ್ತೇವೆ. ವರ್ಷಕ್ಕೊಮ್ಮೆ ವಾರ್ಷಿಕೋತ್ಸವ. ಅದಕ್ಕೆ ಪ್ರತಿ ವರ್ಷ ಅದೇ ಶಂಕರಪೋಳಿ, ಅದೇ ಚಕ್ಕುಲಿ, ಅದೇ ಕರ್ಚಿಕಾಯಿ.

ಈ ಸಲ ಹೊಸದೇನಾದರೂ ಆಗಬೇಕು ಎಂದು ಅಧ್ಯಕ್ಷರು ಹಟ ಹಿಡಿದರು. ಯಾರದೋ ಮೊಮ್ಮಗನ ಹುಟ್ಟುಹಬ್ಬದಲ್ಲಿ ಅವರು ಈ ಬಿಸ್ಕೀಟು ತಿಂದಿದ್ದರಂತೆ. ನಮ್ಮ ಮನೆಗೇ ಬಂದು, ನನ್ನ ಫೋನು ಇಸಿದುಕೊಂಡು, ಅದನ್ನು ಮಾಡುವ ವಿಡಿಯೋ ಹುಡುಕಿ ತೋರಿಸಿದರು. ಆಗ ಅವರು ನಾನೇ ಕೊಟ್ಟ ಬೇಸನ್ ಉಂಡಿ ತಿನ್ನುತ್ತಿದ್ದರು. ಬೆರಳು ನೆಕ್ಕುವುದು, ಅದೇ ಬೆರಳಿನಿಂದ ಫೋನಿನ ಪರದೆ ಸರಿಸುವುದು. ತುಪ್ಪದ ಗೆರೆಗಳ ಹಿಂದೆ ಯಾರೋ ಬಿಳಿಯ ಹೆಂಗಸು ಚಾಕಲೇಟು ಸುರಿಯುತ್ತಿದ್ದಳು. ಅವರು ಹೋದ ಮೇಲೆ ನಾನು ಫೋನನ್ನು ಎರಡು ಸಲ ಒರೆಸಿದೆ. ಆದರೂ ಹೂಂ ಅಂದದ್ದು ನಾನೇ. ಬೇಗಂಪೇಟೆಯ ಅಂಗಡಿಯೊಂದರಲ್ಲಿ ಹುಮ್ಮಸ್ಸಿನಿಂದ ಕೊಂಡ ಓವನ್ನು ನಮ್ಮ ಮನೆಯಲ್ಲಿ ಹಪ್ಪಳ ಇಡುವ ಕಪಾಟಾಗಿ ನಿಂತಿತ್ತು. ಅದನ್ನು ನೋಡಿದಾಗಲೆಲ್ಲ ಯಜಮಾನರ ಮುಖದಲ್ಲಿ ಒಂದು ನಗೆ ಬರುತ್ತಿತ್ತು. ಆ ನಗೆಯನ್ನು ಅಳಿಸಬೇಕಾಗಿತ್ತು.

ನಮ್ಮ ಮನೆಯಲ್ಲಿ ಯಾವ ಹೊಸ ತಿಂಡಿಯೂ ನಮ್ಮ ಅತ್ತೆಯವರ ವಿಚಾರಣೆ ದಾಟದೆ ಒಳಗೆ ಬರುವಂತಿಲ್ಲ. ಅವರಿಗೆ ಎಂಬತ್ತಾರು. ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಅವರದು ಮುಸುರೆಯ ಲೆಕ್ಕಾಚಾರ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ನೀರು ಹಾಕಿ ಬೇಯಿಸಿದ್ದು, ಉಪ್ಪು ಬಿದ್ದದ್ದು ಮುಸುರೆ. ಅದನ್ನು ಮನೆಯವರು, ಇಲ್ಲವೆ ನಮ್ಮ ಪೈಕಿಯವರೇ ಮಾಡಿರಬೇಕು. ಅನ್ನ, ಸಾರು, ಪಲ್ಯ, ರೊಟ್ಟಿ ಎಲ್ಲ ಆ ಪಟ್ಟಿಗೆ ಸೇರಿದವು. ಬರೀ ಹಾಲು, ತುಪ್ಪ, ಸಕ್ಕರೆಯಲ್ಲಿ ಆದದ್ದಕ್ಕೆ ಆ ದೋಷವಿಲ್ಲ. ಅದನ್ನು ಯಾರು ಮಾಡಿದರೂ ತಿನ್ನಬಹುದು. ಹಾಗಾಗಿ ಅತ್ತೆಯವರು ಅಂಗಡಿಯ ಪೇಡೆ ತಿನ್ನುತ್ತಾರೆ, ಅಂಗಡಿಯ ಇಡ್ಲಿ ಮುಟ್ಟುವುದಿಲ್ಲ. ಸಿಹಿಯ ಚಪಲವಿದ್ದ ಯಾರೋ ಹಿರಿಯರು ತಮಗೆ ಅನುಕೂಲವಾಗಲೆಂದು ಮಾಡಿಟ್ಟ ನಿಯಮ ಇದು ಎಂದು ನನಗೆ ಮೊದಲಿನಿಂದಲೂ ಅನಿಸಿದೆ. ಅನಿಸಿದ್ದನ್ನು ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಬಾಯಿ ಬಿಟ್ಟು ಹೇಳಿದವಳಲ್ಲ.

ಮೊದಲ ಸಲ ಮಾಡಿದಾಗ ಮನೆ ಗಬ್ಬೆದ್ದು ಹೋಯಿತು. ಬೆಣ್ಣೆಯನ್ನು ಕರಗಿಸಿ ಹಿಟ್ಟು ಕಲಸಿದೆ. ಓವನ್ನಿನಲ್ಲಿ ಅದು ಹರಡಿ, ತಟ್ಟೆಯ ಅಂಚು ದಾಟಿ, ಕೆಳಗಿನ ಕಾದ ಸರಳಿನ ಮೇಲೆ ಸುರಿದು ಕರಟಿತು. ಕ್ಯಾರಮೆಲ್ ಎಂದು ಕಾಯಿಸಿದ್ದು ಕಪ್ಪಾಗಿ ಡಾಂಬರಿನ ವಾಸನೆ ಬಂತು. ಗಾಬರಿಯಲ್ಲಿ ಅದನ್ನು ಸಿಂಕಿಗೆ ಸುರಿದೆ. ಪೈಪಿನೊಳಗೆ ಹೋಗಿ ಕಲ್ಲಾಗಿ ಕೂತಿತು. ಸಿಂಕಿನಲ್ಲಿ ನಿಂತ ನೀರಿನ ಮೇಲೆ ಬೆಣ್ಣೆಯ ಬಿಳಿ ಚೂರುಗಳು, ಬೆಳಗಿನ ಅವಲಕ್ಕಿಯ ಅಗುಳು, ಚಹಾದ ಚರಟ ತೇಲುತ್ತಿದ್ದವು. ಅದರಲ್ಲಿ ಮೊಣಕೈತನಕ ಕೈ ಹಾಕುವ ಯೋಚನೆಗೇ ನನಗೆ ಓಕರಿಕೆ ಬಂತು. ಹಾಕಬೇಕಾದ ಅಗತ್ಯವೂ ಇರಲಿಲ್ಲ. ಅದಕ್ಕೆ ಬೇರೆ ಕೈ ಇತ್ತು.

ಆ ಕೈ ರಾಯಚೂರು ಕಡೆಯ ಒಬ್ಬ ಹೆಂಗಸಿನದು. ದಿನಾ ಎರಡು ಹೊತ್ತು ಬಂದು ನಮ್ಮ ಮನೆಯ ಮುಸುರೆ ಪಾತ್ರೆ ತಿಕ್ಕಿ ಹೋಗುತ್ತಿದ್ದಳು. ನಲವತ್ತರ ಮೇಲಿನ ವಯಸ್ಸು. ಅವಳ ಗಂಡ ಪಕ್ಕದಲ್ಲೇ ಏಳುತ್ತಿದ್ದ ಅಪಾರ್ಟ್‌ಮೆಂಟಿನ ಕಟ್ಟಡದಲ್ಲಿ ಕಬ್ಬಿಣ ಕಟ್ಟುವ ಕೆಲಸಗಾರ. ಇಬ್ಬರೂ ಅಲ್ಲಿಯೇ ತಗಡಿನ ಶೆಡ್ಡಿನಲ್ಲಿದ್ದರು. ಅವಳೂ ಅಲ್ಲಿ ಸರಳು ಹೊರುತ್ತಿದ್ದಳು. ಬಲಭುಜ ಕೆಟ್ಟ ಮೇಲೆ ಪಾತ್ರೆಗೆ ಬಂದವಳು. ಅವಳು ಗೇಟಿನಲ್ಲಿ ಯಾರಿಗೋ ಫೋನಿನಲ್ಲಿ ಕನ್ನಡದಲ್ಲಿ ಬಯ್ಯುತ್ತಿದ್ದುದನ್ನು ಕೇಳಿ ನಾನೇ ಕರೆದು ಕೆಲಸ ಕೊಟ್ಟಿದ್ದೆ. ನಮ್ಮ ಭಾಷೆಯವಳು ಸಿಕ್ಕಳಲ್ಲ ಎಂದು ಮಂಡಳಿಯಲ್ಲಿ ಹೇಳಿಕೊಂಡು ಮೆರೆದದ್ದೂ ಉಂಟು. ನಮ್ಮವಳು ಎಂದರೂ ಅವಳು ಬರುವುದು ಹಿಂದಿನ ಬಾಲ್ಕನಿಯ ಬಾಗಿಲಿನಿಂದ, ಕೂರುವುದು ಅಲ್ಲಿಯೇ ನಲ್ಲಿಯ ಬುಡದಲ್ಲಿ. ಒಲೆಯ ಕಟ್ಟೆಯ ತನಕ ಬರುವ ಪದ್ಧತಿ ಇರಲಿಲ್ಲ. ಬರಬೇಡ ಎಂದು ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಅವತ್ತು ಅವಳು ಸಿಂಕಿನ ಪೈಪು ಬಿಚ್ಚಿ, ಆ ಕಪ್ಪು ಕಲ್ಲನ್ನು ಸರಿಗೆಯಿಂದ ಕೆದರಿ ತೆಗೆದಳು. ಆಮೇಲೆ ಕರಟಿದ ತಟ್ಟೆಯನ್ನು ಮೂಸಿ ನೋಡಿದಳು. ಒಳಗೊಳಗೇ ನಗುತ್ತಿದ್ದಾಳೆಂದು ಗೊತ್ತಾಗಿ ನನಗೆ ಮೈ ಉರಿಯಿತು.

"ಅಕ್ಕಾರ, ಬೆಣ್ಣಿ ಕರಗಿಸಿ ಕಲಸೀರೇನ್ರಿ? ಕರಗಿದ ಬೆಣ್ಣಿಲೆ ಬಿಸ್ಕಿಟ್ ನಿಲ್ಲಂಗಿಲ್ರಿ."

ನಿನಗೇನು ಗೊತ್ತು ಎಂದೆ. ಆಗ ತಿಳಿಯಿತು: ಸರಳು ಹೊರುವುದಕ್ಕೆ ಮೊದಲು ಅವಳು ಸನತ್‌ನಗರದ ಒಂದು ಚಿಕ್ಕ ಬಿಸ್ಕೀಟು ಕಾರ್ಖಾನೆಯಲ್ಲಿ ಒಂಬತ್ತು ವರ್ಷ ದುಡಿದಿದ್ದಳು. ಮೊದಲು ಪ್ಯಾಕಿಂಗು, ಆಮೇಲೆ ಹಿಟ್ಟು, ಕೊನೆಗೆ ಭಟ್ಟಿ. ಕಾರ್ಖಾನೆ ಮುಚ್ಚಿತು, ಅವಳು ಕಟ್ಟಡದ ಕೆಲಸಕ್ಕೆ ಹೋದಳು. ನಮ್ಮ ಮನೆಗೆ ಬಂದು ಎರಡು ವರ್ಷವಾಗಿತ್ತು. ಅವಳು ಮೊದಲು ಏನು ಮಾಡುತ್ತಿದ್ದಳು ಎಂದು ನಾನು ಕೇಳಿದ್ದು ಅದೇ ಮೊದಲು.

ಮರುದಿನದಿಂದ ಅವಳು ಒಲೆಯ ಕಟ್ಟೆಯ ಹತ್ತಿರ ಬಂದಳು. ಗಟ್ಟಿ ಬೆಣ್ಣೆಯನ್ನು ಚಿಕ್ಕ ತುಂಡು ಮಾಡಿ, ಮೈದಾ ಮತ್ತು ಸಕ್ಕರೆ ಪುಡಿಯ ಜೊತೆ ಬೆರಳ ತುದಿಯಲ್ಲಷ್ಟೇ ಉಜ್ಜುತ್ತಿದ್ದಳು. ಅಂಗೈ ತಾಗಿದರೆ ಬಿಸಿಗೆ ಬೆಣ್ಣೆ ಕರಗುತ್ತದಂತೆ. ಒಂದು ಹಿಡಿ ಅಕ್ಕಿ ಹಿಟ್ಟು ಸೇರಿಸಿದಳು. ಅದು ವಿಡಿಯೋದಲ್ಲಿ ಇರಲಿಲ್ಲ. ಒದ್ದೆ ಮರಳಿನಂತಾದ ಆ ಹಿಟ್ಟನ್ನು ತಟ್ಟೆಗೆ ಸುರಿದು, ಬಟ್ಟಲಿನ ತಳದಿಂದ ಒತ್ತಿ ಸಮ ಮಾಡಿ, ಮುಳ್ಳು ಚಮಚದಿಂದ ಚುಚ್ಚಿ, ಸಣ್ಣ ಉರಿಯಲ್ಲಿ ಅಂಚು ಕೆಂಪಾಗುವ ತನಕ ಇಟ್ಟಳು. ಕ್ಯಾರಮೆಲ್ಲಿಗೆ ಸಕ್ಕರೆ, ಬೆಣ್ಣೆ, ಡಬ್ಬಿಯ ಮಂದ ಹಾಲು ಕೂಡಿಸಿ, ತಳ ಬಿಡುವ ತನಕ ಕೈ ನಿಲ್ಲಿಸದೆ ತಿರುವಿದಳು. ಬಲಗೈ ಸೋತರೆ ಎಡಗೈಗೆ ಬದಲಿಸುತ್ತಿದ್ದಳು. ಅವಳ ಬೆರಳ ಸಂದಿಗಳಲ್ಲಿ ಪಾತ್ರೆ ಸೋಪಿನಿಂದ ಬಿರಿದ ಗೀರುಗಳಿದ್ದವು. ನಿಜ ಹೇಳಬೇಕು, ಆ ಬೆರಳು ನನ್ನ ಬೆಳ್ಳನೆಯ ಬೆಣ್ಣೆಯಲ್ಲಿ ಇಳಿದಾಗ ನನಗೆ ಮುಖ ತಿರುಗಿಸಬೇಕೆನಿಸಿತು. ತಿರುಗಿಸಿದೆನೂ ಕೂಡ. ಅಧ್ಯಕ್ಷರು ನೆಕ್ಕಿದ ಬೆರಳಿಗೆ ಹೇಸಿದ್ದು ಸರಿ. ಇದಕ್ಕೆ, ನನ್ನೆದುರಿಗೇ ಎರಡು ಸಲ ತೊಳೆದ ಕೈಗೆ, ಯಾಕೆ ಹೇಸಿದೆ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಅತ್ತೆಯವರು ಬಾಗಿಲಿನಿಂದ ವಿಚಾರಣೆ ನಡೆಸಿದರು. ನೀರು ಬಿತ್ತೇ? ಇಲ್ಲ. ತತ್ತಿ? ಇಲ್ಲ. ಬೆಣ್ಣೆಯಲ್ಲಿ ಉಪ್ಪು? ಉಪ್ಪಿಲ್ಲದ್ದನ್ನೇ ನೋಡಿ ತಂದಿದ್ದೇನೆ. ಆ ಕರಿಯದು ಯಾವ ಗಿಡದ್ದು? ಯಾವುದೋ ಕಾಯಿಯ ಬೀಜ. ಎಲ್ಲ ಕೇಳಿ ಮುಗಿಸಿ ತೀರ್ಪು ಕೊಟ್ಟರು.

"ನೀರಿಲ್ಲ, ಉಪ್ಪಿಲ್ಲ ಅಂದಮ್ಯಾಲೆ ಮುಸುರಿ ಎಲ್ಲಿಂದ ಬಂತು? ಯಾರ ಕೈಲೆ ಆದ್ರೇನು."

ತೀರ್ಪು ಕೊಟ್ಟವರು ನಾಲ್ಕು ತುಂಡು ತಿಂದರು. ಕ್ಯಾರಮೆಲ್ ಕಟ್ಟಿಸಿದ ಹಲ್ಲಿಗೆ ಮೆತ್ತಿಕೊಂಡಿತು. ಹಲ್ಲಿನ ಸೆಟ್ಟನ್ನೇ ತೆಗೆದು ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದ ಕೆರೆದು, ಕೆರೆದದ್ದನ್ನು ಮತ್ತೆ ಬಾಯಿಗೆ ಹಾಕಿಕೊಂಡರು. ಜೊಲ್ಲು ಗಲ್ಲಕ್ಕಿಳಿಯಿತು. ನಾನು ಕಿಟಕಿಯಾಚೆ ನೋಡುತ್ತ ನಿಂತೆ. ಆ ಹೊತ್ತಿಗೆ ಅವರಿಗೆ ಬಿಕ್ಕಳಿಕೆ ಬಂತು. ರಾಯಚೂರಿನವಳು ಹತ್ತಿರದಲ್ಲೇ ಇದ್ದಳು, ನೀರಿನ ಲೋಟ ತುಂಬಿ ಚಾಚಿದಳು. ಅತ್ತೆಯವರು ಬಿಕ್ಕುತ್ತಲೇ ಕೈ ಅಲ್ಲಾಡಿಸಿ ಬೇಡವೆಂದು, ನನ್ನ ಕಡೆ ಬೆರಳು ತೋರಿಸಿದರು. ಅವಳು ಆ ಲೋಟವನ್ನು ಕೆಳಗಿಟ್ಟಳು. ನಾನು ಬೇರೆ ಲೋಟದಲ್ಲಿ ನೀರು ತಂದೆ. ಅವಳು ಮಾಡಿದ ಬಿಸ್ಕೀಟು ಇನ್ನೂ ಬಾಯಲ್ಲಿರುವಾಗಲೇ ಅವಳು ಕೊಟ್ಟ ನೀರು ಬೇಡವಾಯಿತು. ಅಸಹ್ಯವಾಗಿದ್ದು ನನಗೆ ಅತ್ತೆಯವರ ಜೊಲ್ಲು. ಈ ಲೋಟದ ಸಂಗತಿ ಆಗ ಅಷ್ಟಾಗಿ ತಟ್ಟಲಿಲ್ಲ.

ಐದನೆಯ ಸಲದ ಹೊತ್ತಿಗೆ ಬಿಸ್ಕೀಟು ವಿಡಿಯೋದಲ್ಲಿದ್ದುದಕ್ಕಿಂತ ಚೆನ್ನಾಗಿ ಬರತೊಡಗಿತು. ಅದೇ ವಾರ ಅವಳು ಒಂದು ಮಾತು ಕೇಳಿದಳು. ನಮ್ಮ ಮಂಡಳಿಯವರು ಸನತ್‌ನಗರದ ಸಭಾಭವನದ ಹಿಂದೆ ಮಧ್ಯಾಹ್ನದ ಮೆಸ್ಸೊಂದನ್ನು ಸುರು ಮಾಡುವವರಿದ್ದರು. ಮನೆ ಬಿಟ್ಟು ಬಂದ ಕನ್ನಡದ ಹುಡುಗ ಹುಡುಗಿಯರಿಗೆ ಜೋಳದ ರೊಟ್ಟಿ, ಪಲ್ಯ, ಅನ್ನ, ಸಾರು. ಅಡುಗೆಗೆ ಒಬ್ಬ ಹೆಂಗಸು ಬೇಕಾಗಿತ್ತು, ಇರಲು ಅಲ್ಲಿಯೇ ಒಂದು ಕೋಣೆ. ನಾನು ಫೋನಿನಲ್ಲಿ ಈ ಬಗ್ಗೆ ಮಾತಾಡುವುದನ್ನು ಅವಳು ಕೇಳಿಸಿಕೊಂಡಿದ್ದಳು. ಅವರಿದ್ದ ಕಟ್ಟಡದ ಕೆಲಸ ಮುಗಿಯುತ್ತ ಬಂದಿತ್ತು. ಮೇಸ್ತ್ರಿ ಎಲ್ಲರನ್ನೂ ಊರಾಚೆಯ ಹೊಸ ಸೈಟಿಗೆ ಎಬ್ಬಿಸುವವನಿದ್ದ. ಅಲ್ಲಿ ಸುತ್ತ ಮನೆಗಳಿಲ್ಲ, ಪಾತ್ರೆ ಕೆಲಸವಿಲ್ಲ. ಹೋದರೆ ಅವಳು ಮತ್ತೆ ಸರಳೇ ಹೊರಬೇಕು.

"ಅಕ್ಕಾರ, ಆ ಮೆಸ್ಸಿಗೆ ನನ್ನ ಹೆಸರು ಹೇಳ್ರಿ. ಸಳಿ ಹೊರೂದು ಇನ್ನ ನನಗ ಆಗಂಗಿಲ್ರಿ."

ಹೇಳುತ್ತಾ ಕುಪ್ಪಸದ ತೋಳು ಸರಿಸಿ ಭುಜ ತೋರಿಸಿದಳು. ಮೂಳೆ ಇರಬಾರದ ಕಡೆ ಒಂದು ಗಂಟು ಎದ್ದು ನಿಂತಿತ್ತು, ಅದರ ಮೇಲಿನ ಚರ್ಮ ಒಡೆದು ಒಣಗಿ ಮತ್ತೆ ಒಡೆದು ಕಪ್ಪುಗಟ್ಟಿತ್ತು. ಮುಚ್ಚಿಕೋ ಎಂದೆ. ಹೇಳುತ್ತೇನೆ, ಖಂಡಿತ ಹೇಳುತ್ತೇನೆ ಎಂದೆ. ಮೊದಲು ಎಲ್ಲರೂ ನಿನ್ನ ಬಿಸ್ಕೀಟು ತಿನ್ನಲಿ, ಬಾಯಿ ಸಿಹಿಯಾದಾಗ ಹೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ ಎಂದು ನಾನೇ ಉಪಾಯ ಹೂಡಿದೆ. ಅವಳು ಗಂಡನಿಗೂ ಹೇಳಿದಳು. ಅವನು ಮೇಸ್ತ್ರಿಗೆ, ನಾನೊಬ್ಬನೇ ಬರುವುದು ಅಂದನಂತೆ.

ವಾರ್ಷಿಕೋತ್ಸವದ ದಿನ ಬೆಳಿಗ್ಗೆ ಎರಡು ದೊಡ್ಡ ತಟ್ಟೆ ತಯಾರಾಗಿದ್ದವು. ಚಾಕಲೇಟು ಇನ್ನೂ ಪೂರಾ ಗಟ್ಟಿಯಾಗಿರಲಿಲ್ಲ. ಆಗ ನನ್ನ ಕೈ ಸುಮ್ಮನಿರಲಿಲ್ಲ. ತಿಂಗಳಿಡೀ ಅವಳೇ ಎಲ್ಲ ಮಾಡಿ, ನಾನು ಪಕ್ಕದಲ್ಲಿ ನಿಂತು ನೋಡಿ, ನನ್ನದೂ ಏನಾದರೂ ಇರಬೇಕಲ್ಲ ಎಂಬ ತುರಿಕೆ. ವಿಡಿಯೋದ ಕೊನೆಯಲ್ಲಿ ಆ ಹೆಂಗಸು ಚಾಕಲೇಟಿನ ಮೇಲೆ ಹರಳುಪ್ಪನ್ನು ಉದುರಿಸುತ್ತಿದ್ದಳು. ನಾನೂ ಹರಳುಪ್ಪನ್ನು ಕುಟ್ಟಿ ಚಿಟಿಕೆ ಚಿಟಿಕೆಯಾಗಿ ಉದುರಿಸತೊಡಗಿದೆ. ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಉಪ್ಪ ಬ್ಯಾಡ್ರಿ ಅಕ್ಕಾರ. ಅಮ್ಮಾರು ತಿನ್ನಂಗಿಲ್ಲ."

ಅವಳಿಗೆ ನಮ್ಮ ಮನೆಯ ನಿಯಮ ನನಗಿಂತ ಚೆನ್ನಾಗಿ ನೆನಪಿತ್ತು. ಇರಲೇಬೇಕು, ನಿಯಮ ಇದ್ದುದೇ ಅವಳನ್ನು ದೂರ ಇಡಲಿಕ್ಕೆ. ನಾನು ಗದರಿದೆ. ಎಲ್ಲ ಕಡೆ ಹಾಕುತ್ತಾರೆ, ಒಂದು ಹರಳು ಅತ್ತೆಯವರ ನಾಲಿಗೆಗೆ ಎಲ್ಲಿ ತಿಳಿಯುತ್ತದೆ ಎಂದೆ. ಅವಳು ಆ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು.

ಸಭಾಭವನದಲ್ಲಿ ಸುಮಾರು ನಲವತ್ತು ಜನ ಸೇರಿದ್ದರು. ಎಲ್ಲರಿಗಿಂತ ಹಿರಿಯರೆಂದು ಅತ್ತೆಯವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ, ಕೊರಳಿಗೆ ಹಾರ. ಪ್ರಾರ್ಥನೆ, ವರದಿ, ಮೆಸ್ಸಿನ ಬಗ್ಗೆ ಅಧ್ಯಕ್ಷರ ಭಾಷಣ ಮುಗಿದ ಮೇಲೆ ತಿಂಡಿ. ನಾನು ಮೊದಲ ತಟ್ಟೆ ಹಿಡಿದು ಹಂಚಿದೆ. ರಾಯಚೂರಿನವಳು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಎರಡನೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ನಲವತ್ತು ಬಾಯಿಗಳು ಒಟ್ಟಿಗೆ ಆ ಅಂಟನ್ನು ಜಗಿಯುವ ಸದ್ದು ಹೇಗಿರುತ್ತದೆಂದು ನನಗೆ ಅವತ್ತು ಗೊತ್ತಾಯಿತು. ಕೆಸರಿನಲ್ಲಿ ಎಮ್ಮೆಗಳು ಕಾಲೆತ್ತಿ ಇಟ್ಟಂತೆ. ತುಟಿಯ ಮೇಲೆ ಚಾಕಲೇಟು, ರೇಷ್ಮೆಯ ಸೆರಗಿಗೆ ಬೆಣ್ಣೆ, ಒಬ್ಬರು ಹಲ್ಲಿಗೆ ಅಂಟಿದ್ದನ್ನು ನಾಲಿಗೆಯಿಂದ ಬಿಡಿಸುತ್ತ ಕಣ್ಣು ಮುಚ್ಚಿಕೊಂಡಿದ್ದರು. ಎಲ್ಲರೂ ಹೊಗಳಿದರು. ಅಧ್ಯಕ್ಷರು ಎರಡನೆಯ ತುಂಡು ಕೈಗೆತ್ತಿಕೊಂಡು ನನ್ನ ಕಡೆ ತಿರುಗಿ, ವೈನಿ, ಇಂಥ ಕೈ ನಮ್ಮ ಮೆಸ್ಸಿಗೆ ಬೇಕು ನೋಡ್ರಿ, ನೀವೇ ಬರ್ತೀರೇನು ಎಂದು ಚೇಷ್ಟೆ ಮಾಡಿದರು.

ಇದೇ ಹೊತ್ತು ಎಂದು ನಾನು ಹೇಳಿದೆ. ಮಾಡಿದ್ದು ನಾನಲ್ಲ, ಬಾಗಿಲಲ್ಲಿ ನಿಂತಿದ್ದಾಳಲ್ಲ, ನಮ್ಮ ಮನೆಗೆ ಪಾತ್ರೆಗೆ ಬರುವವಳು, ಅವಳು. ಅವಳನ್ನೇ ಮೆಸ್ಸಿಗೆ ತೆಗೆದುಕೊಳ್ಳಿ ಎಂದೆ. ಒಂದು ಗಳಿಗೆ ಜಗಿಯುವ ಸದ್ದು ನಿಂತಿತು. ಆಮೇಲೆ ಅಧ್ಯಕ್ಷರೇ ನಕ್ಕು, ಹಾಲು ಬೆಣ್ಣೆಯದು, ನಡೆಯುತ್ತದೆ ಎಂದರು. ಅವಳನ್ನು ಹತ್ತಿರ ಕರೆದು ಊರು ಯಾವುದು, ರೊಟ್ಟಿ ಬಡಿಯಲು ಬರುತ್ತದೆಯೇ, ಎಷ್ಟು ಜನಕ್ಕೆ ಮಾಡಿ ಗೊತ್ತು ಎಂದು ಕೇಳಿದರು. ಅವಳು ಒಂದೊಂದಕ್ಕೂ ಬರ್ತದರಿ, ಮಾಡೀನ್ರಿ ಎಂದು ಉತ್ತರಿಸಿದಳು. ಕೆಲಸ ಆದ ಹಾಗೆಯೇ ಇತ್ತು. ಅವಳ ಮುಖ ನೋಡಿ ನನಗೂ ಹಿಗ್ಗಾಯಿತು.

ಮುಂದಿನ ಸಾಲಿನಿಂದ ಅತ್ತೆಯವರ ದನಿ ಬಂತು.

"ಇದರಾಗ ಉಪ್ಪದ."

ಹೇಳಿದವರೇ ಬಾಯಲ್ಲಿದ್ದುದನ್ನು ಅಂಗೈಗೆ ಉಗುಳಿದರು. ಕಂದು ಅಂಟು, ಜೊಲ್ಲು, ಅದರ ನಡುವೆ ಚಾಕಲೇಟಿನ ಎಳೆ. ಕೈಯನ್ನು ಹಾಗೆಯೇ ಚಾಚಿ ಹಿಡಿದು ನನ್ನನ್ನು ನೋಡಿದರು. ಉಪ್ಪು ಬಿದ್ದಿದೆ, ಮುಸುರೆಯಾಯಿತು, ಎಂಬತ್ತಾರು ವರ್ಷ ಕಾಪಾಡಿಕೊಂಡು ಬಂದ ಬಾಯಿ ಕೆಟ್ಟಿತು ಎಂದು ನಡುಗುವ ದನಿಯಲ್ಲಿ ಹೇಳಿದರು. ಅವರ ದುಃಖ ನಿಜವಾದದ್ದೇ. ಅದನ್ನೂ ಹೇಳಬೇಕು.

ಆಗ ನಾನು ಕಂಡದ್ದು ಅತ್ತೆಯವರ ಅಂಗೈಗಿಂತ ಅಸಹ್ಯವಾಗಿತ್ತು. ಇವರೆಲ್ಲ ಹೊಟೇಲಿನಲ್ಲಿ ಸಿಕ್ಕಸಿಕ್ಕದ್ದನ್ನು ತಿನ್ನುವವರು. ಬ್ಯಾಂಕಿನಲ್ಲಿ, ಶಾಲೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು ಇದ್ದರು. ಒಬ್ಬೊಬ್ಬರಾಗಿ, ಕಚ್ಚಿದ ತುಂಡನ್ನು ಕಾಗದದ ತಟ್ಟೆಯ ಅಂಚಿಗೆ ಸರಿಸಿ ಇಟ್ಟರು. ಹೊಟ್ಟೆ ತುಂಬಿದವರ ಹಾಗೆ, ಸಾಕಾಯಿತು ಎಂಬ ಹಾಗೆ. ಒಬ್ಬರು ಕರವಸ್ತ್ರದಿಂದ ನಾಲಿಗೆಯನ್ನೇ ಒರೆಸಿಕೊಂಡರು. ಅಧ್ಯಕ್ಷರು ಎರಡನೆಯ ತುಂಡನ್ನು ಏನು ಮಾಡಬೇಕೋ ತಿಳಿಯದೆ ಕೈಯಲ್ಲಿ ಹಿಡಿದು, ನನ್ನನ್ನು ನೋಡಿದರು. ನಲವತ್ತು ಜನ ನನ್ನನ್ನು ನೋಡಿದರು. ಇಂಥದ್ದನ್ನು ತಂದು ನಮಗೆ ತಿನ್ನಿಸಿದೆಯಲ್ಲ ಎಂಬ ಆ ನೋಟ ನನ್ನ ಮೈಮೇಲೆ ಹರಿದಾಡಿತು.

ನಾನು ಬಾಯಿ ತೆರೆದೆ. ಏನೇನು ಹೇಳಬಹುದಿತ್ತು. ಉಪ್ಪಿದ್ದರೇನಾಯಿತು ಎನ್ನಬಹುದಿತ್ತು. ಒಂದು ತುಂಡು ತೆಗೆದು ಎಲ್ಲರೆದುರು ತಿನ್ನಬಹುದಿತ್ತು. ಬಾಯಿಂದ ಬಂದದ್ದು ಬೇರೆ.

"ಉಪ್ಪು ನಾ ಹಾಕೀನ್ರಿ. ಆಕಿ ಉಪ್ಪಿಗೆ ಕೈ ಹಚ್ಚಿಲ್ಲ. ನನ್ನ ಕೈಲೇನ ಹಾಕೀನಿ."

ಇದು ಸತ್ಯವಾಗಿತ್ತು, ಅದಕ್ಕೇ ಇನ್ನಷ್ಟು ಹೊಲಸು. ಅತ್ತೆಯವರು ಒಂದು ಕ್ಷಣ ಯೋಚಿಸಿದರು. ನಿಯಮದ ಪ್ರಕಾರ ಸೊಸೆ ಹಾಕಿದ ಉಪ್ಪಿಗೆ ದೋಷವಿಲ್ಲ. ಮೊದಲೇ ಹೇಳಬಾರದಾ ಎಂದು ನನಗೆ ಬಯ್ದು, ಕೈ ತೊಳೆದು ಬಂದು ಇನ್ನೊಂದು ತುಂಡು ಕೇಳಿದರು. ಅಂಚಿಗೆ ಸರಿದಿದ್ದ ತುಂಡುಗಳೆಲ್ಲ ಮತ್ತೆ ಮೇಲೆದ್ದವು. ಹಲ್ಲಿನ ಗುರುತಿದ್ದ ಕಡೆಯಿಂದಲೇ ಮತ್ತೆ ಕಚ್ಚಿದರು. ಜಗಿಯುವ ಸದ್ದು ಸುರುವಾಯಿತು. ಯಾರೋ ನಕ್ಕರು. ಎಲ್ಲರಿಗೂ ನಿರಾಳವಾಗಿತ್ತು, ಹೇಳಲು ನಾಚಿಕೆಯಾಗುತ್ತದೆ, ನನಗೂ.

ಅಧ್ಯಕ್ಷರು ಬಾಯಿ ಒರೆಸಿಕೊಂಡು, ಈಗ ತಮಗೆ ದಾರಿ ಸ್ಪಷ್ಟವಾಯಿತೆಂಬ ದನಿಯಲ್ಲಿ ಹೇಳಿದರು.

"ಸಿಹಿ ಏನರೆ ಮಾಡಿಸೋದಿದ್ರ ಆಕಿನ್ನ ಕರಿಯೋಣು ವೈನಿ. ಊಟ ಅಂದ್ರ ಉಪ್ಪು, ನೀರು ಎಲ್ಲಾ ಬರ್ತದ. ಮೆಸ್ಸಿನಾಗ ಭಾಂಡೆ ತಿಕ್ಕಲಿಕ್ಕೆ ಬೇಕಾದ್ರ ಬರಲಿ."

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ದಾರಿಯಿರಲಿಲ್ಲ. ಅವಳ ಕೈ ಉಪ್ಪಿಗೆ ತಾಗಿಲ್ಲ, ಆದ್ದರಿಂದ ತಿನ್ನಬಹುದು ಎಂದವಳು ನಾನು. ಅಂದ ಮೇಲೆ ಅವಳ ಕೈ ಉಪ್ಪಿಗೆ ತಾಗಿದ ಅಡುಗೆಯನ್ನು ಯಾರು ತಿನ್ನಬೇಕು? ಅಧ್ಯಕ್ಷರು ನನ್ನ ಮಾತನ್ನೇ ಮುಂದುವರಿಸಿದ್ದರು, ಅಷ್ಟೇ. ಅವಳು ಮೂರು ಮಾರು ದೂರದಲ್ಲಿ ನಿಂತು ಎಲ್ಲ ಕೇಳಿದಳು. ತಟ್ಟೆಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. ಸಭೆ ಮುಗಿಯುವ ತನಕ ಹೊರಗೆ ಕಟ್ಟೆಯ ಮೇಲೆ ಕೂತಿದ್ದು, ಆಮೇಲೆ ಒಳಬಂದು, ಎಲ್ಲರ ಎಂಜಲು ತಟ್ಟೆಗಳನ್ನು ಬಳಿದು ಚೀಲಕ್ಕೆ ತುಂಬಿದಳು. ಆ ಕೆಲಸ ಮಾಡು ಎಂದು ಯಾರೂ ಹೇಳಿರಲಿಲ್ಲ.

ಮರುದಿನ ನಾನು ಅಧ್ಯಕ್ಷರಿಗೆ ಫೋನು ಮಾಡಿದೆ. ಅವಳ ಭುಜದ ವಿಷಯ ಹೇಳಿದೆ. ಅಯ್ಯೋ ಪಾಪ ಎಂದರು. ತಮಗೇನೂ ಭೇದವಿಲ್ಲ, ಹಿರಿಯರಿದ್ದಾರಲ್ಲ ಎಂದರು. ಬೀದರಿನ ಕಡೆಯ, ನಮ್ಮ ಪೈಕಿಯ ಒಬ್ಬ ವಿಧವೆ ಸಿಕ್ಕಿದ್ದಾರೆ, ಮುಂದಿನ ವಾರ ಬರುತ್ತಾರೆ ಎಂದರು. ನಾನು ಇನ್ನೆರಡು ಮಾತು ಆಡಿ ಫೋನು ಇಟ್ಟೆ. ಜಗಳ ಆಡಲಿಲ್ಲ. ಮಂಡಳಿ ಬಿಡಲಿಲ್ಲ. ಇವತ್ತಿಗೂ ತಿಂಗಳಿಗೊಮ್ಮೆ ಹೋಗುತ್ತೇನೆ.

ಅವಳು ಇನ್ನೂ ಹತ್ತು ದಿನ ಕೆಲಸಕ್ಕೆ ಬಂದಳು. ಮೊದಲಿನ ಹಾಗೆಯೇ ಪಾತ್ರೆ ತಿಕ್ಕಿ, ಒಲೆಯ ಕಟ್ಟೆಯ ಕಡೆ ಬಾರದೆ, ನಲ್ಲಿಯ ಬುಡದಿಂದಲೇ ಎದ್ದು ಹೋಗುತ್ತಿದ್ದಳು. ನಾನು ಎರಡು ಸಲ ಆ ದಿನದ ಮಾತೆತ್ತಿದೆ. ಇರ್ಲಿ ಬಿಡ್ರಿ ಅಂದಳು. ಅಷ್ಟಕ್ಕೇ ನಾನು ಬಿಟ್ಟೆ. ಹನ್ನೊಂದನೆಯ ದಿನ ಬೆಳಿಗ್ಗೆ ಬಂದು, ಲಾರಿ ಬಂದೈತ್ರಿ, ಹೋಗ್ತೀವಿ ಎಂದಳು. ಗಂಡನ ಜೊತೆ ಹೊಸ ಸೈಟಿಗೆ ಅವಳೂ ಹೊರಟಿದ್ದಳು. ಸರಳಿಗೆ.

ಬಾಲ್ಕನಿಯಲ್ಲಿ ನಿಂತಿದ್ದವಳನ್ನು ಒಳಗೆ ಕರೆದೆ. ಅತ್ತೆಯವರು ಮಲಗಿದ್ದರು. ಅವಳಿಗೆಂದು ಬೇರೆ ಇಟ್ಟಿದ್ದ ಸ್ಟೀಲಿನ ಲೋಟ ಬಿಟ್ಟು, ನಾವು ಕುಡಿಯುವ ಪಿಂಗಾಣಿ ಕಪ್ಪಿನಲ್ಲಿ ಶುಂಠಿ ಹಾಕಿ ಚಹಾ ಮಾಡಿದೆ. ಊಟದ ಮೇಜಿನ ಹತ್ತಿರ ಕುರ್ಚಿ ಎಳೆದು, ಕೂತುಕೊಳ್ಳವಾ, ಕುಡಿದು ಹೋಗು ಎಂದು ಎರಡೂ ಕೈಯಲ್ಲಿ ಕಪ್ಪು ಹಿಡಿದು ಕೊಟ್ಟೆ. ಇಷ್ಟು ಮಾಡಿದರೆ ಸಾಕಾದೀತು ಎಂದು ನನ್ನ ಮನಸ್ಸಿನಲ್ಲಿದ್ದಿರಬೇಕು.

ಅವಳು ಕುರ್ಚಿ ನೋಡಿದಳು. ಕಪ್ಪು ನೋಡಿದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಬ್ಯಾಡ್ರಿ ಅಕ್ಕಾರ. ಈಗರ ಮನ್ಯಾಗ ಕುಡದ ಬಂದೀನಿ."

ಆ ಮಾತು ನನಗೆ ಹುಟ್ಟಿದಾಗಿನಿಂದ ಗೊತ್ತು. ನಮ್ಮ ಹಿರಿಯರು ಹೊಲಗೇರಿಯ ಕಡೆ ಯಾರದಾದರೂ ಮನೆ ಬಾಗಿಲಿಗೆ ಹೋಗಬೇಕಾಗಿ ಬಂದು, ಅಲ್ಲಿಯವರು ನೀರು ತಂದುಕೊಟ್ಟಾಗ, ನೋವಾಗದಂತೆ ನಕ್ಕು ಆಡುತ್ತಿದ್ದ ಮಾತು ಅದು. ಅವಳೂ ನೋವಾಗದಂತೆ ನಕ್ಕಳು. ಶೆಡ್ಡಿನ ತಗಡು ಬಿಚ್ಚಿ, ಒಲೆ ಕಿತ್ತು, ಪಾತ್ರೆಗಳನ್ನು ಲಾರಿಗೆ ಹಾಕಿ ಬಂದವಳು ಯಾವ ಮನೆಯಲ್ಲಿ ಚಹಾ ಕುಡಿದಿದ್ದಳು? ಬರ್ತೀನ್ರಿ ಎಂದು ಹಿಂದಿನ ಬಾಗಿಲಿನಿಂದಲೇ ಇಳಿದು ಹೋದಳು. ನಾನು ಕಪ್ಪು ಹಿಡಿದುಕೊಂಡು ನಿಂತೇ ಇದ್ದೆ.